68 ಸಲ ಬಿದ್ದಿದ್ದು ಯಾರ ತಪ್ಪು?

ಅಮೆರಿಕನ್ ಫುಟ್‌ಬಾಲಿನ ಕ್ವಾರ್ಟರ್‌ಬ್ಯಾಕ್ ಕೇಲಬ್ ವಿಲಿಯಮ್ಸ್ ವಿಷಯದಲ್ಲಿ ನಾನು ಎರಡು ಸಲ ಮಾತು ಬದಲಿಸಿದ್ದೇನೆ. 2024ರ ಏಪ್ರಿಲ್‌ನಲ್ಲಿ ಷಿಕಾಗೊ ಬೇರ್ಸ್ ತಂಡ ಅವನನ್ನು ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಕಾಲೇಜು ಹುಡುಗರನ್ನು ಸರದಿ ಪ್ರಕಾರ ಆರಿಸಿಕೊಳ್ಳುವಲ್ಲಿ, ಎಲ್ಲರಿಗಿಂತ ಮೊದಲು ಆರಿಸಿಕೊಂಡಾಗ, ಈ ತಂಡದ ಹಣೆಬರಹ ಬದಲಿಸುವವನು ಇವನೇ ಅಂತ ಗೆಳೆಯರ ಮುಂದೆ ಜಂಬ ಕೊಚ್ಚಿದ್ದೆ. ಡಿಸೆಂಬರ್ ಹೊತ್ತಿಗೆ, ತಂಡ ಒಂದಾದ ಮೇಲೊಂದು ಮ್ಯಾಚ್ ಸೋಲುತ್ತಾ ಹೋದಾಗ, "ಇವನ ಕೈಲಾಗಲ್ಲ ಬಿಡ್ರೋ" ಅಂದೆ. ಮರುವರ್ಷ ಅದೇ ಹುಡುಗ, ಅದೇ ತಂಡ 17ರಲ್ಲಿ 11 ಮ್ಯಾಚ್ ಗೆದ್ದು ನಾಲ್ಕು ತಂಡಗಳ ತಮ್ಮ ಡಿವಿಷನ್‌ನಲ್ಲಿ ಮೊದಲ ಸ್ಥಾನಕ್ಕೆ ಬಂದರು. ಭಾನುವಾರ ರಾತ್ರಿ ಹನ್ನೊಂದೂವರೆಗೆ ಶುರುವಾಗುವ ಮ್ಯಾಚ್ ನೋಡಿ ಸೋಮವಾರ ಆಫೀಸಿನಲ್ಲಿ ತೂಕಡಿಸುವ ನನ್ನಂಥವನು ಮಾತು ಬದಲಿಸಿದರೆ ಯಾರಿಗೂ ನಷ್ಟವಿಲ್ಲ. ಆದರೆ ಟಿವಿಯಲ್ಲಿ ಕೂತು ಸಂಬಳ ತಗೊಂಡು ತೀರ್ಪು ಕೊಡುವವರೂ ಇದನ್ನೇ ಮಾಡಿದರು. ಅವರಲ್ಲಿ ಕೆಲವರು ಇವನನ್ನು ಆರಿಸಿದ್ದೇ ತಪ್ಪು ಅಂತ ಮೊದಲ ವರ್ಷದಲ್ಲೇ ಷರಾ ಬರೆದಾಗಿತ್ತು.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ಇದು ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆ ಆಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಅಮೆರಿಕದ ಫುಟ್‌ಬಾಲ್. ಒಂದೊಂದು ಕಡೆ ಹನ್ನೊಂದು ಜನ. ಆಟ ನಡೆಯುವುದು ಪ್ಲೇ ಅನ್ನುವ ಚಿಕ್ಕ ಚಿಕ್ಕ ತುಣುಕುಗಳಲ್ಲಿ. ಹೆಚ್ಚುಕಮ್ಮಿ ಪ್ರತಿ ಪ್ಲೇ ಶುರುವಾದಾಗಲೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಎರಡು ಪ್ಲೇ ನಡುವೆ 40 ಸೆಕೆಂಡ್ ಸಮಯ. ಯಾವ ಪ್ಲೇ ಆಡಬೇಕು ಅಂತ ಕೋಚ್ ಅವನ ಹೆಲ್ಮೆಟ್ ಒಳಗಿನ ಸ್ಪೀಕರ್‌ನಲ್ಲಿ ಹೇಳುತ್ತಾರೆ, ಆದರೆ ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಆ ಸ್ಪೀಕರ್ ಬಂದ್ ಆಗುತ್ತೆ. ಅಲ್ಲಿಂದ ಮುಂದೆ ಅವನೊಬ್ಬನೇ. ಎದುರಿನ ಹನ್ನೊಂದು ಜನ ಎಲ್ಲೆಲ್ಲಿ ನಿಂತಿದ್ದಾರೆ, ಯಾರು ಮೇಲೆ ಬೀಳಲು ಬರ್ತಾರೆ, ಯಾರು ಬರುವ ಹಾಗೆ ನಾಟಕ ಮಾಡಿ ಹಿಂದೆ ಸರೀತಾರೆ ಅನ್ನೋದನ್ನೆಲ್ಲ ಅಷ್ಟರಲ್ಲಿ ಓದಿಕೊಂಡು, ಬೇಕಾದರೆ ತನ್ನ ಕಾವಲಿನವರ ಜಾಗ ಬದಲಿಸಿ, ಚೆಂಡು ಕೈಗೆ ಬಂದ ಮೇಲೆ ಎರಡೂವರೆ, ಹೆಚ್ಚೆಂದರೆ ಮೂರು ಸೆಕೆಂಡಿನಲ್ಲಿ ಎಸೆಯಬೇಕು. ಎಸೆಯುವ ಮುಂಚೆಯೇ ಎದುರಾಳಿ ಅವನನ್ನು ಕೆಡವಿದರೆ ಅದು ಸ್ಯಾಕ್. ಎಸೆದದ್ದು ಎದುರಾಳಿ ಕೈಗೆ ಸಿಕ್ಕರೆ ಇಂಟರ್‌ಸೆಪ್ಷನ್.

ಕಾಲೇಜಿನಲ್ಲಿ ಇಷ್ಟು ಕಷ್ಟ ಇರುವುದಿಲ್ಲ. ವಿಲಿಯಮ್ಸ್ ಅಲ್ಲಿ ಆಡುವಾಗ ಎಷ್ಟೋ ತಂಡಗಳಲ್ಲಿ ಹುಡುಗ ಗೆರೆಯಾಚೆ ನಿಂತ ಕೋಚ್‌ಗಳ ಕಡೆ ನೋಡಿದರೆ ಸಾಕಿತ್ತು, ಅವರೇ ಕೈಸನ್ನೆಯಲ್ಲಿ ಎಲ್ಲ ಹೇಳಿಬಿಡುತ್ತಿದ್ದರು. ಮೈದಾನ ಅಗಲವಾಗಿ ತೆರೆದುಕೊಂಡಿರುತ್ತೆ, ಎದುರಾಳಿಗಳಲ್ಲಿ ಬಹುಪಾಲು ಜನ ಮುಂದೆ ಯಾವತ್ತೂ ಎನ್‌ಎಫ್‌ಎಲ್, ಅಂದರೆ ಈ ಆಟದ ವೃತ್ತಿಪರ ಲೀಗ್, ಆಡುವವರಲ್ಲ. ಅಲ್ಲಿ ಸಲೀಸಾಗಿ ಸಿಗುತ್ತಿದ್ದ ಒಂದು ಸೆಕೆಂಡ್ ಇಲ್ಲಿ ಬಂದ ಮೇಲೆ ಸಿಗಲ್ಲ. ಮೊದಲ ವರ್ಷದ ಹುಡುಗನ ಕಥೆ ಬಹುಪಾಲು ಆ ಒಂದು ಸೆಕೆಂಡಿನ ಕಥೆ.

ವಿಲಿಯಮ್ಸ್ ಮೊದಲ ವರ್ಷ 68 ಸಲ ಸ್ಯಾಕ್ ಆದ. ಎನ್‌ಎಫ್‌ಎಲ್ ಇತಿಹಾಸದಲ್ಲಿ ಇದಕ್ಕಿಂತ ಜಾಸ್ತಿ ಇರುವುದು ಎರಡೇ: 2002ರಲ್ಲಿ ಹ್ಯೂಸ್ಟನ್‌ನ ಡೇವಿಡ್ ಕಾರ್ 76, 1986ರಲ್ಲಿ ಫಿಲಡೆಲ್ಫಿಯಾದ ರಾಂಡಲ್ ಕನಿಂಗ್‌ಹ್ಯಾಮ್ 72. ಹಾಗಾದರೆ ಈ 68ನ್ನು ಯಾರ ಲೆಕ್ಕಕ್ಕೆ ಬರೆಯುವುದು? ಟೀಕಾಕಾರರು ಎರಡು ಗುಂಪಾದರು. ಮುಂದೆ ನಿಂತು ಕಾಯಬೇಕಾದ ಐದು ಜನರ ಆಫೆನ್ಸಿವ್ ಲೈನ್ ಕಾಗದದ ಗೋಡೆ, ಪಾಪ ಹುಡುಗ ಏನು ಮಾಡ್ತಾನೆ ಅಂದಿತು ಒಂದು ಗುಂಪು. ಇನ್ನೊಂದು ಗುಂಪು, ಅವನು ಚೆಂಡು ಹಿಡಿದುಕೊಂಡು ಸಂತೆಯಲ್ಲಿ ತಿರುಗೋ ಹಾಗೆ ತಿರುಗ್ತಾನೆ, ಕಾಯುವವರಾದರೂ ಎಷ್ಟು ಹೊತ್ತು ಕಾಯಬೇಕು ಅಂದಿತು.

ಇಬ್ಬರ ಮಾತೂ ನಿಜ. ಕಷ್ಟ ಇರುವುದೇ ಅಲ್ಲಿ. ಲೈನ್ ಕೆಟ್ಟದಾಗಿತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ಸುಲಭವಾಗಿ ಎಸೆಯಬಹುದಾದ ಜೊತೆಗಾರ ಕಣ್ಣೆದುರೇ ಇದ್ದರೂ ವಿಲಿಯಮ್ಸ್ ದೂರದ ದೊಡ್ಡ ಎಸೆತಕ್ಕೆ ಕಾದು ಕೂತು ಬಿದ್ದದ್ದೂ ಬೇಕಾದಷ್ಟಿದೆ. ಕಾಲೇಜಿನಲ್ಲಿ ಅದೇ ಅವನ ಜಾದೂ ಆಗಿತ್ತು. ಎರಡು ಸುತ್ತು ಓಡಿ ಎಲ್ಲರನ್ನೂ ತಪ್ಪಿಸಿ ಐವತ್ತು ಗಜ ಎಸೆಯುತ್ತಿದ್ದ. 2022ರಲ್ಲಿ ಕಾಲೇಜು ಫುಟ್‌ಬಾಲಿನ ದೊಡ್ಡ ಪ್ರಶಸ್ತಿ ಹೈಸ್‌ಮನ್ ಗೆದ್ದದ್ದೂ ಹಾಗೇ. ಬಿಟ್ಟುಬಿಡು ಅಂದರೆ ಬಿಡುವ ಅಭ್ಯಾಸವಲ್ಲ ಅದು.

ಇದರ ಜೊತೆಗೆ ಆ ವರ್ಷ ಷಿಕಾಗೊದಲ್ಲಿ ನಡೆದದ್ದನ್ನೂ ನೆನಪಿಸಿಕೊಳ್ಳಿ. ಮೊದಲ ಆರು ಮ್ಯಾಚಿನಲ್ಲಿ ನಾಲ್ಕು ಗೆಲುವು. ಆಮೇಲೆ ವಾಷಿಂಗ್ಟನ್ ತಂಡ ಕೊನೇ ಕ್ಷಣದಲ್ಲಿ ದೇವರ ಮೇಲೆ ಭಾರ ಹಾಕಿ ಎಸೆದ ಒಂದು ಚೆಂಡು ಅವರದೇ ಆಟಗಾರನ ಕೈಗೆ ಸಿಕ್ಕಿ ಬೇರ್ಸ್‌ಗೆ ಸೋಲು. ಅಲ್ಲಿಂದ ಶುರುವಾದದ್ದು ಸಾಲಾಗಿ ಹತ್ತು ಸೋಲು. ನ್ಯೂ ಇಂಗ್ಲೆಂಡ್ ವಿರುದ್ಧ ಒಂದೇ ಮ್ಯಾಚಿನಲ್ಲಿ ಒಂಬತ್ತು ಸ್ಯಾಕ್, ಎರಡು ದಿನ ಬಿಟ್ಟು ಪ್ಲೇ ಹೇಳುತ್ತಿದ್ದ ಆಫೆನ್ಸಿವ್ ಕೋಆರ್ಡಿನೇಟರ್ ಶೇನ್ ವಾಲ್ಡ್ರನ್ ಮನೆಗೆ. ಥ್ಯಾಂಕ್ಸ್‌ಗಿವಿಂಗ್ ದಿನ ಡೆಟ್ರಾಯ್ಟ್‌ನಲ್ಲಿ, ಕೈಯಲ್ಲಿ ಟೈಮ್‌ಔಟ್ ಇದ್ದೂ ಬಳಸದೆ ಗಡಿಯಾರ ಓಡಲು ಬಿಟ್ಟು ಸೋತ ಮೇಲೆ, ಮರುದಿನವೇ ಹೆಡ್ ಕೋಚ್ ಮ್ಯಾಟ್ ಎಬರ್‌ಫ್ಲೂಸ್ ಕೂಡ ಮನೆಗೆ. ಬೇರ್ಸ್ ತನ್ನ ಅಷ್ಟು ವರ್ಷಗಳ ಇತಿಹಾಸದಲ್ಲಿ ಸೀಸನ್ ನಡುವೆ ಹೆಡ್ ಕೋಚನ್ನು ತೆಗೆದದ್ದು ಅದೇ ಮೊದಲು. ಇಪ್ಪತ್ಮೂರು ವರ್ಷದ ಹುಡುಗನಿಗೆ ಪಾಠ ಹೇಳಬೇಕಾದ ಮೇಷ್ಟ್ರುಗಳು ಪರೀಕ್ಷೆ ನಡುವೆಯೇ ಬದಲಾದರು, ಮಾರ್ಕ್ಸ್ ಕಾರ್ಡ್ ಮೇಲೆ ಹೆಸರು ಮಾತ್ರ ಅವನೊಬ್ಬನದು. ಇಷ್ಟರ ನಡುವೆಯೂ ಅವನು 20 ಟಚ್‌ಡೌನ್ (ಎದುರಾಳಿಯ ಕೊನೇ ಗೆರೆಯಾಚೆ ಚೆಂಡು ಮುಟ್ಟಿಸಿ ಗಳಿಸುವ ಅಂಕ) ಎಸೆದು ಆರೇ ಇಂಟರ್‌ಸೆಪ್ಷನ್ ಕೊಟ್ಟ ಅನ್ನೋದನ್ನು ಯಾರೂ ಜಾಸ್ತಿ ಮಾತಾಡಲಿಲ್ಲ.

2025ಕ್ಕೆ ಡೆಟ್ರಾಯ್ಟ್‌ನಿಂದ ಬೆನ್ ಜಾನ್ಸನ್ ಹೆಡ್ ಕೋಚ್ ಆಗಿ ಬಂದರು. ಲೈನ್ ಮಧ್ಯದ ಮೂರೂ ಜಾಗಕ್ಕೆ ಹೊಸಬರನ್ನು ತಂದರು: ಕ್ಯಾನ್ಸಸ್ ಸಿಟಿಯಿಂದ ಜೋ ಟೂನಿ, ಅಟ್ಲಾಂಟಾದಿಂದ ಡ್ರೂ ಡಾಲ್ಮನ್, ಲಾಸ್ ಏಂಜಲೀಸ್‌ನಿಂದ ಜೋನಾ ಜಾಕ್ಸನ್. ಸ್ಯಾಕ್‌ಗಳು ಹಿಂದಿನ ವರ್ಷದ ಅರ್ಧಕ್ಕಿಂತಲೂ ಕೆಳಗೆ ಇಳಿದವು. ಹಾಗಂತ ಎಲ್ಲ ಅಂಕಿಗಳೂ ಸುಧಾರಿಸಿದವು ಅಂದುಕೊಂಡರೆ ತಪ್ಪು. ಎಸೆದದ್ದರಲ್ಲಿ ಎಷ್ಟು ಜೊತೆಗಾರರ ಕೈಸೇರಿತು ಅನ್ನುವ ಕಂಪ್ಲೀಷನ್ ಲೆಕ್ಕ ಇದೆಯಲ್ಲ, ಅದರಲ್ಲಿ ಶೇಕಡಾ 70 ಮುಟ್ಟಬೇಕು ಅಂತ ಜಾನ್ಸನ್ ಸೀಸನ್ ಮುಂಚೆ ಬಹಿರಂಗವಾಗಿ ಗುರಿ ಇಟ್ಟಿದ್ದರು. ಮೊದಲ ವರ್ಷ 62.5 ಇದ್ದದ್ದು ಎರಡನೇ ವರ್ಷ 60ಕ್ಕಿಂತ ಕೆಳಗಿಳಿಯಿತು! ಹುಡುಗ ಹಿಂದಕ್ಕೆ ಹೋದ ಅಂತ ಈ ಒಂದು ಅಂಕಿ ಹೇಳುತ್ತೆ. ತಂಡ ಮಾತ್ರ ಪ್ಲೇಆಫ್‌ಗೆ ಹೋಗಿ, ಅಲ್ಲಿ ಹಳೇ ವೈರಿ ಗ್ರೀನ್ ಬೇ ಪ್ಯಾಕರ್ಸ್ ಅನ್ನು ಸೋಲಿಸಿತು. ಬೀಳುವ ಬದಲು ಚೆಂಡನ್ನು ಗೆರೆಯಾಚೆ ಎಸೆಯಲು ಕಲಿತದ್ದೂ ಕಂಪ್ಲೀಷನ್ ಲೆಕ್ಕದಲ್ಲಿ ತಪ್ಪಿದ ಎಸೆತವೇ ಆಗುತ್ತೆ. ಮೊದಲ ವರ್ಷ ಅವನು ಅಂಥ ಕಡೆ ಬಿದ್ದು ಎಂಟು ಗಜ ಕಳೆಯುತ್ತಿದ್ದ, ಈಗ ಒಂದು ಗಜವೂ ಕಳೆಯದೆ ಮುಂದಿನ ಪ್ಲೇಗೆ ಹೋಗ್ತಾನೆ. ಅಂಕಿಯಲ್ಲಿ ಇದು ಸೋಲು. ಎಲ್ಲ ತಪ್ಪಿದ ಎಸೆತವೂ ಹೀಗೆ ಜಾಣತನದ್ದು ಅಂತ ಹೇಳ್ತಿಲ್ಲ, ಸುಮ್ಮನೆ ಗುರಿ ತಪ್ಪಿದ್ದೂ ತುಂಬಾ ಇತ್ತು, ನಾನೇ ತಲೆ ಚಚ್ಚಿಕೊಂಡಿದ್ದೇನೆ.

ವಿಲಿಯಮ್ಸ್ ಷಿಕಾಗೊಗೆ ಸಿಕ್ಕಿದ್ದೇ ಇನ್ನೊಬ್ಬ ಹುಡುಗನ ಮೇಲಿನ ಆತುರದಿಂದ. 2023ರ ಮಾರ್ಚ್‌ನಲ್ಲಿ ಕ್ಯಾರೊಲಿನಾ ಪ್ಯಾಂಥರ್ಸ್ ತಂಡಕ್ಕೆ ಆ ವರ್ಷದ ಮೊದಲ ಆಯ್ಕೆ ಬೇಕೇ ಬೇಕಿತ್ತು. ಅದು ಬೇರ್ಸ್ ಹತ್ತಿರ ಇತ್ತು. ಎಸೆದ ಚೆಂಡು ಹಿಡಿಯುವ ತಮ್ಮ ಒಳ್ಳೆ ರಿಸೀವರ್ ಡಿ.ಜೆ. ಮೂರ್‌ನನ್ನೂ ನಾಲ್ಕು ಡ್ರಾಫ್ಟ್ ಆಯ್ಕೆಗಳನ್ನೂ ಕೊಟ್ಟು ಅದನ್ನು ಕೊಂಡುಕೊಂಡರು, ಬ್ರೈಸ್ ಯಂಗ್‌ನನ್ನು ಆರಿಸಿದರು. ಕೊಟ್ಟದ್ದರಲ್ಲಿ ಮರುವರ್ಷದ ಮೊದಲ ಸುತ್ತಿನ ಆಯ್ಕೆಯೂ ಇತ್ತು. ಕ್ಯಾರೊಲಿನಾ ಆ ವರ್ಷ 17ರಲ್ಲಿ ಎರಡೇ ಗೆದ್ದು ಲೀಗಿನಲ್ಲಿ ಕಡೆಗೆ ಬಂತು, ಡ್ರಾಫ್ಟ್‌ನಲ್ಲಿ ಕಡೆಯವರಿಗೇ ಮೊದಲ ಸರದಿ ಆದ್ದರಿಂದ ಆ ಆಯ್ಕೆ 2024ರ ಒಂದನೇ ನಂಬರ್ ಆಯಿತು. ಅದರಲ್ಲಿ ಬೇರ್ಸ್‌ಗೆ ವಿಲಿಯಮ್ಸ್ ಸಿಕ್ಕ.

ಯಂಗ್ ಆದ ಮೇಲೆ ಎರಡನೆಯವನಾಗಿ ಹ್ಯೂಸ್ಟನ್ ಆರಿಸಿದ್ದು ಸಿ.ಜೆ. ಸ್ಟ್ರೌಡ್‌ನನ್ನು. ಡ್ರಾಫ್ಟ್ ಮುಂಚೆ ಈ ಹುಡುಗರಿಗೆ ಕಂಪ್ಯೂಟರ್ ಮುಂದೆ ಕೂರಿಸಿ ಎಸ್2 ಅನ್ನುವ ಒಂದು ಮಿದುಳಿನ ಚುರುಕಿನ ಪರೀಕ್ಷೆ ಮಾಡಿಸಿದ್ದರು. ಗುಟ್ಟಾಗಿರಬೇಕಾದ ಅಂಕಗಳು ಸೋರಿದವು. ಯಂಗ್‌ಗೆ 98, ಸ್ಟ್ರೌಡ್‌ಗೆ 18 ಅಂತ ಸುದ್ದಿಯಾಯಿತು. ಸ್ಟ್ರೌಡ್‌ಗೆ ಎದುರಾಳಿಯನ್ನು ಓದುವ ತಲೆಯಿಲ್ಲ ಅಂತ ಎರಡು ವಾರ ಚರ್ಚೆಯೋ ಚರ್ಚೆ. ಮೈದಾನಕ್ಕೆ ಇಳಿದ ಮೇಲೆ ಆದದ್ದೇನು? ಸ್ಟ್ರೌಡ್ 4,108 ಗಜ, 23 ಟಚ್‌ಡೌನ್, ಐದೇ ಐದು ಇಂಟರ್‌ಸೆಪ್ಷನ್. ಯಂಗ್ 11 ಟಚ್‌ಡೌನ್, 10 ಇಂಟರ್‌ಸೆಪ್ಷನ್, 62 ಸ್ಯಾಕ್, 11 ಮ್ಯಾಚ್ ಆದ ಮೇಲೆ ಅವನ ಹೆಡ್ ಕೋಚ್ ಫ್ರ್ಯಾಂಕ್ ರೈಕ್ ವಜಾ.

ಆಗ ತೀರ್ಪು ಪೂರಾ ತಿರುಗಿತು. ಸ್ಟ್ರೌಡ್ ಮುಂದಿನ ಹತ್ತು ವರ್ಷದ ರಾಜ. ಯಂಗ್ ಗಿಡ್ಡ, ಐದಡಿ ಹತ್ತಿಂಚಿನವನಿಗೆ ಲೈನ್ ಮೇಲಿಂದ ಏನು ಕಾಣುತ್ತೆ ಅಂತ ನಕ್ಕರು. ಇಲ್ಲಿಗೆ ನಿಂತಿದ್ದರೆ ಕಥೆ ನೀಟಾಗಿತ್ತು. ಆದರೆ 2024ರಲ್ಲಿ ಹ್ಯೂಸ್ಟನ್ ಲೈನ್ ಕುಸಿದು ಸ್ಟ್ರೌಡ್ 52 ಸಲ ಬಿದ್ದ, ಇಂಟರ್‌ಸೆಪ್ಷನ್ ಐದರಿಂದ 12ಕ್ಕೆ ಏರಿತು. ಯಂಗ್‌ನನ್ನು ಹೊಸ ಕೋಚ್ ಡೇವ್ ಕೆನಾಲೆಸ್ ಎರಡೇ ಮ್ಯಾಚ್ ಆದ ಮೇಲೆ ಬೆಂಚಿನಲ್ಲಿ ಕೂರಿಸಿದರು. ಅವನ ಜಾಗಕ್ಕೆ ಬಂದ ಹಿರಿಯ ಆಟಗಾರ ಆ್ಯಂಡಿ ಡಾಲ್ಟನ್‌ಗೆ ಕಾರು ಅಪಘಾತದಲ್ಲಿ ಹೆಬ್ಬೆರಳಿಗೆ ಪೆಟ್ಟಾಯಿತು ಅಂತ ಯಂಗ್ ವಾಪಸ್ ಬಂದ. ಬಂದವನು ಆಮೇಲೆ ಜಾಗ ಬಿಡಲಿಲ್ಲ. 2025ರ ನವೆಂಬರ್‌ನಲ್ಲಿ ಅಟ್ಲಾಂಟಾ ವಿರುದ್ಧ 448 ಗಜ ಎಸೆದು ಕ್ಯಾರೊಲಿನಾ ತಂಡದ ದಾಖಲೆಯನ್ನೇ ಮುರಿದ. ಆ ಹೆಬ್ಬೆರಳು ಸರಿಯಾಗಿದ್ದಿದ್ದರೆ? ಟೀಕಾಕಾರರ ತೀರ್ಪು ಹಾಗೇ ಉಳಿದು, ನಾವೆಲ್ಲ ಅದನ್ನೇ ಸತ್ಯ ಅಂದುಕೊಳ್ಳುತ್ತಿದ್ದೆವೇನೋ. ಯಂಗ್ ದೊಡ್ಡ ಕ್ವಾರ್ಟರ್‌ಬ್ಯಾಕ್ ಆಗಿಬಿಟ್ಟ ಅಂತ ನಾನು ಈಗಲೂ ಒಪ್ಪುವುದಿಲ್ಲ, ಒಂದು ವಾರ ಚಿನ್ನ, ಮುಂದಿನ ವಾರ ತಗಡು. ಆದರೆ 2024ರ ಸೆಪ್ಟೆಂಬರ್‌ನಲ್ಲಿ ಅವನ ತಿಥಿ ಮಾಡಿದವರಿಗೆ ಅದನ್ನು ಮಾಡುವಷ್ಟು ಗೊತ್ತಿರಲಿಲ್ಲ ಅನ್ನೋದಂತೂ ಗ್ಯಾರಂಟಿ.

ಹಳೇ ಕಾಲದ ಅಂಕಿ ನೋಡಿದರೆ ನಗು ಬರುತ್ತೆ. 1970ರಲ್ಲಿ ಪಿಟ್ಸ್‌ಬರ್ಗ್‌ನ ಟೆರಿ ಬ್ರ್ಯಾಡ್‌ಶಾ ಮೊದಲ ವರ್ಷ ಎಸೆದದ್ದು ಆರು ಟಚ್‌ಡೌನ್, 24 ಇಂಟರ್‌ಸೆಪ್ಷನ್. ಆಮೇಲೆ ನಾಲ್ಕು ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್, ಗೆದ್ದರು. 1989ರಲ್ಲಿ ಡಲ್ಲಾಸ್‌ನ ಟ್ರಾಯ್ ಏಕ್‌ಮನ್ ಆಡಲು ಇಳಿದ 11 ಮ್ಯಾಚೂ ಸೋತರು, ಆಮೇಲೆ ಮೂರು ಸೂಪರ್ ಬೌಲ್. 1998ರಲ್ಲಿ ಪೇಟನ್ ಮ್ಯಾನಿಂಗ್ ಕೊಟ್ಟ 28 ಇಂಟರ್‌ಸೆಪ್ಷನ್ ಮೊದಲ ವರ್ಷದವರ ದಾಖಲೆಯಾಗಿ ಇವತ್ತಿಗೂ ಹಾಗೇ ಇದೆ. ಮೂರು ಗೆದ್ದು 13 ಸೋತ ಅದೇ ತಂಡ ಮರುವರ್ಷ 13 ಗೆದ್ದು ಮೂರು ಸೋತಿತು. ಇವರಿಗೂ ಬೈಗುಳ ಬಿದ್ದಿತ್ತು, ಬ್ರ್ಯಾಡ್‌ಶಾಗಂತೂ ದಡ್ಡ ಅನ್ನುವ ಪಟ್ಟ ವರ್ಷಗಟ್ಟಲೆ ಅಂಟಿಕೊಂಡಿತ್ತು. ಆದರೆ ತಂಡ ಕಾದಿತು.

ಈಗ ಯಾಕೆ ಕಾಯಲ್ಲ? ಜನಕ್ಕೆ ತಾಳ್ಮೆ ಕಡಿಮೆ, ಫೋನ್ ಬಂದ ಮೇಲೆ ಎಲ್ಲರೂ ಪಂಡಿತರು ಅಂತ ಹೇಳಿ ಮುಗಿಸಬಹುದು. ಅದರಲ್ಲಿ ಸ್ವಲ್ಪ ನಿಜ ಇದೆ. ಆದರೆ ದೊಡ್ಡ ಕಾರಣ ಬೇರೆ ಅಂತ ನನಗನ್ನಿಸುತ್ತೆ, ಅದು ದುಡ್ಡಿನ ಲೆಕ್ಕ. 2010ರಲ್ಲಿ ಸೇಂಟ್ ಲೂಯಿಸ್ ರ‍್ಯಾಮ್ಸ್ ಮೊದಲ ಆಯ್ಕೆ ಸ್ಯಾಮ್ ಬ್ರ್ಯಾಡ್‌ಫೋರ್ಡ್ ಜೊತೆ ಆರು ವರ್ಷಕ್ಕೆ 7.8 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಿತು, ಅದರಲ್ಲಿ 5 ಕೋಟಿ ಆಡಲಿ ಬಿಡಲಿ ಕೊಡಲೇಬೇಕಾದದ್ದು. ಒಂದು ಚೆಂಡನ್ನೂ ಎಸೆಯದ ಹುಡುಗನಿಗೆ! ಮಾಲೀಕರು ಮತ್ತು ಹಿರಿಯ ಆಟಗಾರರು ಇಬ್ಬರಿಗೂ ಇದು ಸರಿಬರಲಿಲ್ಲ. ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2011ರ ಹೊಸ ಒಪ್ಪಂದದಲ್ಲಿ ಹೊಸಬರ ಸಂಬಳಕ್ಕೆ ಕಟ್ಟು ಬಿತ್ತು. ಆ ವರ್ಷದ ಮೊದಲ ಆಯ್ಕೆ ಕ್ಯಾಮ್ ನ್ಯೂಟನ್‌ಗೆ ಸಿಕ್ಕಿದ್ದು ನಾಲ್ಕು ವರ್ಷಕ್ಕೆ ಸುಮಾರು 2.2 ಕೋಟಿ.

ಇದರಿಂದ ಎರಡು ಕೆಲಸ ಆಯಿತು. ಹೊಸ ಹುಡುಗ ಅಗ್ಗ, ಆದ್ದರಿಂದ ಅವನು ಚೆನ್ನಾಗಿ ಆಡಿದರೆ ಉಳಿದ ದುಡ್ಡಲ್ಲಿ ತಂಡದ ತುಂಬ ಒಳ್ಳೆಯವರನ್ನು ತುಂಬಿಕೊಳ್ಳಬಹುದು. ಅಂದರೆ ಗೆಲ್ಲುವುದಾದರೆ ಆ ನಾಲ್ಕು ವರ್ಷದೊಳಗೇ ಗೆಲ್ಲಬೇಕು ಅನ್ನುವ ಒತ್ತಡ. ಇನ್ನೊಂದು, ಮೊದಲ ಸುತ್ತಿನಲ್ಲಿ ಬಂದವರಿಗೆ ಐದನೇ ವರ್ಷದ ಆಯ್ಕೆ ಅಂತ ಒಂದು ಕಲಂ ಇದೆ. ಅವನನ್ನು ಐದನೇ ವರ್ಷ ಇಟ್ಟುಕೊಳ್ಳುತ್ತೀರಾ ಅಂತ ತಂಡ ಹೇಳಬೇಕಾದದ್ದು ಮೂರನೇ ಸೀಸನ್ ಮುಗಿದ ಮೇಲಿನ ಮೇ ತಿಂಗಳ ಮೊದಲ ದಿನಗಳೊಳಗೆ. ಐದನೇ ವರ್ಷದ ಸಂಬಳ ಕೋಟಿಗಟ್ಟಲೆ, ಒಮ್ಮೆ ಹೂಂ ಅಂದರೆ ಹಿಂದೆ ತಗೊಳ್ಳೋ ಹಾಗಿಲ್ಲ. ಹಾಗಾಗಿ ತಂಡದ ಕೈಯಲ್ಲಿರುವುದು ಮೂರು ವರ್ಷ. ಮೊದಲ ವರ್ಷ ಕೋಚ್ ಬದಲಾದರು, ಎರಡನೇ ವರ್ಷ ಮೊಣಕಾಲು ಹೋಯಿತು ಅಂದರೂ ಆ ಗಡಿಯಾರ ನಿಲ್ಲಲ್ಲ. ಟೀಕಾಕಾರರ ಆತುರ ಹುಟ್ಟುವುದು ಈ ಗಡಿಯಾರದಿಂದ. 2021ರ ಮೊದಲ ಸುತ್ತಿನಲ್ಲಿ ಐದು ಕ್ವಾರ್ಟರ್‌ಬ್ಯಾಕ್‌ಗಳು ಬಂದರು: ಟ್ರೆವರ್ ಲಾರೆನ್ಸ್, ಜ್ಯಾಕ್ ವಿಲ್ಸನ್, ಟ್ರೇ ಲ್ಯಾನ್ಸ್, ಜಸ್ಟಿನ್ ಫೀಲ್ಡ್ಸ್, ಮ್ಯಾಕ್ ಜೋನ್ಸ್. ಮೂರು ಸೀಸನ್ ಮುಗಿದು 2024ರ ಏಪ್ರಿಲ್ ಕಳೆಯುವಷ್ಟರಲ್ಲಿ ಲಾರೆನ್ಸ್ ಒಬ್ಬನನ್ನು ಬಿಟ್ಟು ಉಳಿದ ನಾಲ್ವರೂ ಬೇರೆ ತಂಡಕ್ಕೆ ಹೋಗಿಯಾಗಿತ್ತು.

ಮ್ಯಾಕ್ ಜೋನ್ಸ್ ಕಥೆ ನೋಡಿ. ನ್ಯೂ ಇಂಗ್ಲೆಂಡ್‌ನಲ್ಲಿ ಮೊದಲ ವರ್ಷ ಹತ್ತು ಗೆಲುವು, 22 ಟಚ್‌ಡೌನ್, ತಂಡ ಪ್ಲೇಆಫ್‌ಗೆ. ಐವರಲ್ಲಿ ಇವನೇ ಸಿದ್ಧವಾಗಿ ಬಂದವನು ಅಂತ ಎಲ್ಲರೂ ಹೊಗಳಿದರು. ಅವನ ಕೋಆರ್ಡಿನೇಟರ್ ಜಾಶ್ ಮೆಕ್‌ಡೇನಿಯಲ್ಸ್ ಬೇರೆ ಕಡೆ ಹೆಡ್ ಕೋಚ್ ಆಗಿ ಹೋದರು. ಆ ಕೆಲಸಕ್ಕೆ ಬಂದದ್ದು ಬಹುಕಾಲ ಡಿಫೆನ್ಸ್ ನೋಡಿಕೊಂಡಿದ್ದ ಮ್ಯಾಟ್ ಪಟ್ರಿಷಿಯಾ. ಅಲ್ಲಿಂದ ಜೋನ್ಸ್ ಇಳಿಯುತ್ತಾ ಹೋದ, ಕೊನೆಗೆ ಆರನೇ ಸುತ್ತಿನ ಒಂದು ಆಯ್ಕೆಗೆ ಮಾರಾಟವಾದ. ಅದೇ ವರ್ಷದ ಲಾರೆನ್ಸ್‌ಗೆ ಉಲ್ಟಾ. ಮೊದಲ ವರ್ಷ ಹೆಡ್ ಕೋಚ್ ಅರ್ಬನ್ ಮೈಯರ್ 13 ಮ್ಯಾಚಿಗೇ ವಜಾ, ಹುಡುಗನ ಲೆಕ್ಕ 12 ಟಚ್‌ಡೌನ್, 17 ಇಂಟರ್‌ಸೆಪ್ಷನ್. ಮರುವರ್ಷ ಡಗ್ ಪೀಡರ್ಸನ್ ಬಂದ ಮೇಲೆ 25 ಮತ್ತು ಎಂಟು. ಒಂದೇ ಬೇಸಿಗೆಯಲ್ಲಿ ಒಬ್ಬ ಹುಡುಗ ಬುದ್ಧಿವಂತನಾಗಿ ಇನ್ನೊಬ್ಬ ದಡ್ಡನಾದನಾ?

ಇಷ್ಟು ಹೇಳಿದ ಮೇಲೆ ಹುಡುಗರ ಪರ ವಕೀಲಿ ಮಾಡುವವರ ಕಡೆಗೂ ತಿರುಗಬೇಕು. ಅವರ ಹತ್ತಿರ ಒಂದೇ ಮಂತ್ರ ಇದೆ, ಅದರ ಹೆಸರು ಜಾಶ್ ಆ್ಯಲೆನ್. 2018ರಲ್ಲಿ ಬಫಲೊ ಬಿಲ್ಸ್‌ಗೆ ಏಳನೇ ಆಯ್ಕೆಯಾಗಿ ಬಂದ ಆ್ಯಲೆನ್ ಮೊದಲ ವರ್ಷ 10 ಟಚ್‌ಡೌನ್, 12 ಇಂಟರ್‌ಸೆಪ್ಷನ್, ಕಂಪ್ಲೀಷನ್ ಶೇಕಡಾ 52.8. ಗುರಿ ಅನ್ನೋದು ಕಲಿಸಿದರೆ ಬರುವಂಥದ್ದಲ್ಲ ಅಂತ ತಜ್ಞರೆಲ್ಲ ಕೈತೊಳೆದುಕೊಂಡರು. ಎರಡನೇ ವರ್ಷ 58.8. ಮೂರನೇ ವರ್ಷ 69.2, 37 ಟಚ್‌ಡೌನ್. 2024ರಲ್ಲಿ ಲೀಗಿನ ಎಂವಿಪಿ, ಅಂದರೆ ವರ್ಷದ ಅತಿ ಬೆಲೆಬಾಳುವ ಆಟಗಾರ. ಅಂದಿನಿಂದ ಯಾವ ಹುಡುಗ ಗುರಿ ತಪ್ಪಿ ಎಸೆದರೂ, ಆ್ಯಲೆನ್ ನೋಡಿ, ಟೈಮ್ ಕೊಡಿ ಅಂತಾರೆ.

ಆ್ಯಲೆನ್‌ಗೆ ಸಿಕ್ಕಿದ್ದು ಬರೀ ಟೈಮ್ ಅಲ್ಲ ಅನ್ನೋದನ್ನು ಇವರು ನುಂಗಿಬಿಡ್ತಾರೆ. ಮೂರೂ ವರ್ಷ ಅದೇ ಹೆಡ್ ಕೋಚ್ ಶಾನ್ ಮೆಕ್‌ಡರ್ಮಟ್, ಅದೇ ಕೋಆರ್ಡಿನೇಟರ್ ಬ್ರಯನ್ ಡೇಬಲ್. ಸೀಸನ್ ಇಲ್ಲದ ತಿಂಗಳುಗಳಲ್ಲಿ ಕಾಲಿನ ನಿಲುವು, ಸೊಂಟದ ತಿರುವು ಎಲ್ಲವನ್ನೂ ಬಿಚ್ಚಿ ಮತ್ತೆ ಜೋಡಿಸಿಕೊಂಡ. 2020ರ ಮಾರ್ಚ್‌ನಲ್ಲಿ ಸ್ಟೆಫಾನ್ ಡಿಗ್ಸ್ ಅನ್ನುವ ಒಂದನೇ ದರ್ಜೆಯ ರಿಸೀವರ್‌ನನ್ನು ತಂಡ ತಂದುಕೊಟ್ಟಿತು. ಇನ್ನೊಂದು ಮಾತು, ಈ ಥರ ಜಿಗಿತ ತುಂಬಾ ಅಪರೂಪ. ಜ್ಯಾಕ್ ವಿಲ್ಸನ್‌ಗೂ ನ್ಯೂಯಾರ್ಕ್ ಜೆಟ್ಸ್ ಮೂರು ವರ್ಷ ಕೊಟ್ಟಿತು, ಏನೂ ಆಗಲಿಲ್ಲ. 1998ರಲ್ಲಿ ಮ್ಯಾನಿಂಗ್ ಆದ ಮೇಲೆ ಎರಡನೆಯವನಾಗಿ ಬಂದ ರಯನ್ ಲೀಫ್ ಮೊದಲ ವರ್ಷ ಎರಡು ಟಚ್‌ಡೌನ್, 15 ಇಂಟರ್‌ಸೆಪ್ಷನ್ ಎಸೆದಾಗ ಬೈದ ಟೀಕಾಕಾರರು ಪೂರ್ತಿ ಸರಿಯಾಗಿದ್ದರು. ಟೀಕೆ ಮಾಡಿದವರೆಲ್ಲ ದುಷ್ಟರು, ಕಾದವರೆಲ್ಲ ಜ್ಞಾನಿಗಳು ಅಂತ ಬರೆಯೋದು ಸುಲಭ, ಆದರೆ ಸುಳ್ಳು.

ಆಟದ ಟೀಕೆ ಬೇರೆ, ಹುಡುಗನ ಸ್ವಭಾವದ ಟೀಕೆ ಬೇರೆ. ಎರಡನೆಯದರಲ್ಲಿ ನನಗೆ ಮೂರು ಕಾಸಿನ ನಂಬಿಕೆ ಇಲ್ಲ. ವಿಲಿಯಮ್ಸ್ ಉಗುರಿಗೆ ಬಣ್ಣ ಹಚ್ಚಿಕೊಳ್ತಾನೆ, ಕಾಲೇಜಿನಲ್ಲಿ ಒಂದು ಮ್ಯಾಚ್ ಸೋತ ಮೇಲೆ ಗ್ಯಾಲರಿಯಲ್ಲಿದ್ದ ಅಮ್ಮನ ಹೆಗಲ ಮೇಲೆ ಅತ್ತ, ಇಂಥವನು ನಾಯಕ ಆಗ್ತಾನಾ ಅಂತ ಡ್ರಾಫ್ಟ್ ಮುಂಚೆ ಗಂಭೀರವಾಗಿ ಚರ್ಚೆ ನಡೆದಿತ್ತು. ಅಮ್ಮನ ಹತ್ತಿರ ಅತ್ತವನು ಒತ್ತಡದ ಹೊತ್ತಿನಲ್ಲಿ ಎಸೆಯಲಾರ ಅನ್ನೋದಕ್ಕೆ ಯಾವ ಲೆಕ್ಕ? ಈ ಜಾತಿಯ ಟೀಕೆಗೆ ಹಳೇ ಬೇರುಗಳಿವೆ. ಕಪ್ಪು ಹುಡುಗರಿಗೆ ಈ ಜಾಗಕ್ಕೆ ಬೇಕಾದ ತಲೆ ಇಲ್ಲ, ಓಡಲಿ ಸಾಕು ಅನ್ನುವ ಕಾಲವೊಂದಿತ್ತು. ವಾರೆನ್ ಮೂನ್ ಅವರನ್ನು 1978ರಲ್ಲಿ ಒಂದು ತಂಡವೂ ಆರಿಸಲಿಲ್ಲ. ಕೆನಡಾಕ್ಕೆ ಹೋಗಿ ಎಡ್ಮಂಟನ್ ಪರ ಅಲ್ಲಿನ ಲೀಗಿನ ಗ್ರೇ ಕಪ್ ಸಾಲಾಗಿ ಐದು ಸಲ ಗೆದ್ದ ಮೇಲೆ, 1984ರಲ್ಲಿ ಹ್ಯೂಸ್ಟನ್‌ಗೆ ಬಂದರು. 2006ರಲ್ಲಿ ಹಾಲ್ ಆಫ್ ಫೇಮ್ ಸೇರಿದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್ ಅವರೇ. ಅದೆಲ್ಲ ಹಳೇ ಕಥೆ ಅಂದುಕೊಳ್ಳಬೇಡಿ. 2018ರಲ್ಲಿ ಲಮಾರ್ ಜಾಕ್ಸನ್ ಡ್ರಾಫ್ಟ್‌ಗೆ ಬಂದಾಗ, ರಿಸೀವರ್ ಆಗಿ ಆಡಿದರೆ ಒಳ್ಳೇದು ಅಂತ ಮಾಜಿ ಮ್ಯಾನೇಜರ್ ಬಿಲ್ ಪೋಲಿಯನ್ ಸಲಹೆ ಕೊಟ್ಟಿದ್ದರು. ಮೊದಲ ಸುತ್ತಿನ ಕಟ್ಟಕಡೆಯಲ್ಲಿ, 32ನೆಯವನಾಗಿ ಬಾಲ್ಟಿಮೋರ್‌ಗೆ ಸಿಕ್ಕ ಜಾಕ್ಸನ್ ಮರುವರ್ಷವೇ ಒಬ್ಬರ ವಿರೋಧವೂ ಇಲ್ಲದೆ ಎಂವಿಪಿ ಆದ.

ಹಾಗಾದರೆ ಏನನ್ನು ನೋಡಬೇಕು? ನಾನು ಈಗೀಗ ನೋಡುವುದು ತಪ್ಪಿನ ಜಾತಿಯನ್ನು. ನೋಡಿದ್ದು ಸರಿ, ಎಸೆತ ಸ್ವಲ್ಪ ತಡವಾಯಿತು ಅನ್ನುವ ಇಂಟರ್‌ಸೆಪ್ಷನ್ ಇದ್ದರೆ ಚಿಂತೆಯಿಲ್ಲ, ಆ ಒಂದು ಸೆಕೆಂಡ್ ಆಡ್ತಾ ಆಡ್ತಾ ಸಿಗುತ್ತೆ. ಎದುರಾಳಿ ನಿಂತಿದ್ದೇ ಕಾಣಲಿಲ್ಲ ಅನ್ನುವುದು ಕೆಟ್ಟದ್ದು. ಅಕ್ಟೋಬರ್‌ನಲ್ಲಿ ಮಾಡಿದ ಅದೇ ತಪ್ಪನ್ನು ಡಿಸೆಂಬರ್‌ನಲ್ಲೂ ಮಾಡಿದರೆ ಇನ್ನೂ ಕೆಟ್ಟದ್ದು. ಹೊಸ ತಪ್ಪು ಮಾಡುವ ಹುಡುಗನ ಮೇಲೆ ನನಗೆ ನಂಬಿಕೆ ಜಾಸ್ತಿ. ಲೈನ್ ಮುರಿದಾಗ ಅವನ ಕಣ್ಣು ಎಲ್ಲಿಗೆ ಹೋಗುತ್ತೆ ಅನ್ನೋದನ್ನೂ ನೋಡ್ತೀನಿ. ಮೇಲೆ ಬೀಳಲು ಬರುವವರ ಕಡೆಯಾ, ದೂರದಲ್ಲಿ ಓಡುತ್ತಿರುವ ಜೊತೆಗಾರರ ಕಡೆಯಾ? 2019ರಲ್ಲಿ ನ್ಯೂ ಇಂಗ್ಲೆಂಡ್ ಎದುರು 33–0 ಸೋಲುವಾಗ, ತನಗೆ ದೆವ್ವಗಳು ಕಾಣ್ತಿವೆ ಅಂತ ಜೆಟ್ಸ್‌ನ ಸ್ಯಾಮ್ ಡಾರ್ನಲ್ಡ್ ಹೇಳಿದ್ದು ಮೈಕ್‌ನಲ್ಲಿ ಸಿಕ್ಕಿ ಇಡೀ ದೇಶ ನಕ್ಕಿತು. ಇಲ್ಲದ ಎದುರಾಳಿಗಳು ಕಾಣುವಷ್ಟು ಏಟು ತಿಂದಿದ್ದ ಅನ್ನೋದು ಅದರ ಅರ್ಥ. ಆ ನಗು ಅವನನ್ನು ನಾಲ್ಕು ತಂಡ ಸುತ್ತಿಸಿತು. 2024ರಲ್ಲಿ ಮಿನೆಸೋಟ ವೈಕಿಂಗ್ಸ್ ಪರ ಒಳ್ಳೆ ಕೋಚ್ ಕೈಗೆ ಸಿಕ್ಕ ಮೇಲೆ 14 ಮ್ಯಾಚ್ ಗೆದ್ದು 35 ಟಚ್‌ಡೌನ್ ಎಸೆದ. 2026ರ ಫೆಬ್ರವರಿಯಲ್ಲಿ ಸಿಯಾಟಲ್ ಜೊತೆ ಸೂಪರ್ ಬೌಲ್ ಗೆದ್ದ.

ನಮ್ಮ ಕಡೆ ಓದುಗರಿಗೆ ಇದು ಹೊಸದೇನಲ್ಲ. ಕೆ.ಎಲ್. ರಾಹುಲ್ 2014ರ ಡಿಸೆಂಬರ್‌ನಲ್ಲಿ ಮೆಲ್ಬರ್ನ್‌ನ ತನ್ನ ಮೊದಲ ಟೆಸ್ಟ್‌ನಲ್ಲಿ 3 ಮತ್ತು 1 ಹೊಡೆದಾಗ ನಾವೂ ಏನೇನೋ ಅಂದಿದ್ದೆವು. ಮುಂದಿನ ಟೆಸ್ಟ್‌ನಲ್ಲಿ, ಸಿಡ್ನಿಯಲ್ಲಿ 110 ಬಂತು. ಅದೇ ಕರ್ನಾಟಕದ ಕರುಣ್ ನಾಯರ್ 2016ರಲ್ಲಿ ಚೆನ್ನೈನಲ್ಲಿ ಔಟಾಗದೆ 303 ಹೊಡೆದೂ ಮರುವರ್ಷವೇ ತಂಡದಿಂದ ಆಚೆ ಹೋದ.

ಡಾರ್ನಲ್ಡ್‌ನನ್ನು ಮಿನೆಸೋಟ ಬಿಟ್ಟುಕೊಟ್ಟದ್ದು ಯಾಕೆ ಅಂದರೆ ಅಲ್ಲಿ ಇನ್ನೊಬ್ಬ ಹುಡುಗ ಕಾದಿದ್ದ. ಜೆ.ಜೆ. ಮೆಕಾರ್ಥಿ, 2024ರ ಹತ್ತನೇ ಆಯ್ಕೆ. ಮೊದಲ ಸೀಸನ್ ಶುರುವಾಗುವ ಮುಂಚೆಯೇ ಮೊಣಕಾಲಿಗೆ ಪೆಟ್ಟಾಗಿ ಇಡೀ ವರ್ಷ ಹೋಯಿತು. 2025ರ ಸೆಪ್ಟೆಂಬರ್‌ನಲ್ಲಿ ಷಿಕಾಗೊದಲ್ಲಿ, ನಮ್ಮ ವಿಲಿಯಮ್ಸ್ ಎದುರೇ ಮೊದಲ ಮ್ಯಾಚ್ ಆಡಿದ. ಮೂರು ಕ್ವಾರ್ಟರ್ ಏನೂ ಆಗಲಿಲ್ಲ, ಕೊನೇ ಕ್ವಾರ್ಟರ್‌ನಲ್ಲಿ ಮೂರು ಟಚ್‌ಡೌನ್ ಮಾಡಿ ಗೆಲ್ಲಿಸಿದ, ಒಂದು ವಾರ ಅವನೇ ದೇವರು. ಆಮೇಲೆ ಕಣಕಾಲು ಉಳುಕು, ಇನ್ನೂ ಒಂದೆರಡು ಗಾಯ. ಸಿಕ್ಕಿದ್ದು ಹತ್ತು ಮ್ಯಾಚ್: ಆರು ಗೆಲುವು, 11 ಟಚ್‌ಡೌನ್, 12 ಇಂಟರ್‌ಸೆಪ್ಷನ್. ಹತ್ತಿರದ ಚಿಕ್ಕ ಎಸೆತವನ್ನೂ ಬುಲೆಟ್ ಥರ ಬಿಡ್ತಾನೆ, ಹಿಡಿಯುವವನ ಕೈಯಲ್ಲಿ ನಿಲ್ಲಲ್ಲ ಅನ್ನೋದು ಅವನ ಮೇಲಿನ ದೊಡ್ಡ ದೂರು, ನೋಡಿದರೆ ದೂರು ಸರಿಯಾಗೇ ಇದೆ. ಡಾರ್ನಲ್ಡ್‌ನನ್ನು ಕಳ್ಕೊಂಡು ಇವನನ್ನು ಇಟ್ಕೊಂಡ್ರಲ್ಲ ಅಂತ ಒಂದು ಕಡೆ ಬೈತಾರೆ. ಆ್ಯಲೆನ್ ಮೊದಲ ವರ್ಷ 10 ಮತ್ತು 12, ಇವನು 11 ಮತ್ತು 12, ತಾಳಿ ಅಂತ ಇನ್ನೊಂದು ಕಡೆ. ಅವನ ಐದನೇ ವರ್ಷದ ಆಯ್ಕೆಗೆ ತಂಡ ಉತ್ತರ ಕೊಡಬೇಕಾದದ್ದು 2027ರ ಮೇ ಮೊದಲ ದಿನಗಳಲ್ಲಿ, ವಿಲಿಯಮ್ಸ್‌ನದೂ ಅದೇ ದಿನ. ನಾನಂತೂ ಮೂರನೇ ಸಲ ಮಾತು ಬದಲಿಸುವ ಮುಂಚೆ ಆ ಚಿಕ್ಕ ಎಸೆತಗಳನ್ನು ಇನ್ನೊಂದು ಸೀಸನ್ ನೋಡ್ತೀನಿ.